ನೆಲ್ಲೂರಿನಿಂದ ಅಗ್ರಹಾರಕ್ಕೆ

ಊರು ಬಿಟ್ಟು ಬಂದ ನಿರ್ದೇಶಕರು ಬಿಟ್ಟ ಊರಿನ ಹಂಬಲವನ್ನೇ ಚಿತ್ರ ಮಾಡುವುದು ರೂಢಿ. ಪಟ್ಟಾಭಿರಾಮ ರೆಡ್ಡಿ ಆ ಗೋಜಿಗೆ ಹೋಗಲಿಲ್ಲ. ನೆಲ್ಲೂರಿನ ಈ ತೆಲುಗು ಕವಿ 1939ರಲ್ಲಿ ‘ಫಿಡೇಲು ರಾಗಾಲ ಡಜನ್’ ಪ್ರಕಟಿಸಿ ಛಂದಸ್ಸಿನ ಮಡಿವಂತಿಕೆಯನ್ನು ಗೇಲಿ ಮಾಡಿದರು. ಅದಕ್ಕೆ ಮುನ್ನುಡಿ ಬರೆದವರು ವಿಶಾಖಪಟ್ಟಣದ ಶ್ರೀಶ್ರೀ. ಮುಂದೆ ರೆಡ್ಡಿ ತೆಲುಗು ಚಿತ್ರಗಳ ನಿರ್ಮಾಪಕರಾದರು. ಐವತ್ತರ ಆಸುಪಾಸಿನಲ್ಲಿ ನಿರ್ದೇಶನಕ್ಕೆ ಇಳಿದದ್ದು ಮಾತ್ರ ಕನ್ನಡದಲ್ಲಿ. ಆ ‘ಸಂಸ್ಕಾರ’ದಲ್ಲಿ (1970) ವಲಸೆ ಬಂದವರ ಪಾಡಿಲ್ಲ. ಆದರೂ ನಮ್ಮವರು ಯಾರು, ಅಲ್ಲದವರು ಯಾರು ಎಂಬ ಪ್ರಶ್ನೆಯನ್ನು ಅಷ್ಟು ನಿಷ್ಠುರವಾಗಿ ಎತ್ತಿದ ಕನ್ನಡ ಚಿತ್ರ ಇನ್ನೊಂದಿಲ್ಲ ಎಂಬುದು ನನ್ನ ವಾದ.

ಚಿತ್ರದ ನಾರಣಪ್ಪ ಬ್ರಾಹ್ಮಣ್ಯ ಬಿಟ್ಟವನು. ಅಗ್ರಹಾರ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಈಗ ಅವನು ಸತ್ತಿದ್ದಾನೆ. ಹೆಣ ಯಾರ ಪಾಲಿನದು? ಅದನ್ನು ಎತ್ತುವ ತನಕ ಯಾರೂ ಊಟ ಮಾಡುವಂತಿಲ್ಲ. ಅವನ ಸಂಗಾತಿ ಚಂದ್ರಿ ಶವಸಂಸ್ಕಾರದ ಖರ್ಚಿಗೆಂದು ಒಡವೆ ಬಿಚ್ಚಿಟ್ಟದ್ದೇ ತಡ, ಬೇಡವೆಂದವರಿಗೂ ಸತ್ತವನು ನಂಟನಾಗತೊಡಗುತ್ತಾನೆ. ಸಮುದಾಯಕ್ಕೆ ಸೇರುವುದರಲ್ಲಿ ಶ್ರದ್ಧೆ ಎಷ್ಟು, ಲೆಕ್ಕಾಚಾರ ಎಷ್ಟು ಎಂಬುದು ಆ ಒಂದು ಗಳಿಗೆಯಲ್ಲಿ ಬಯಲಾಗುತ್ತದೆ. ಕೊನೆಗೆ ಅಗ್ರಹಾರದ ಗುರುವೆನಿಸಿದ ಪ್ರಾಣೇಶಾಚಾರ್ಯರೇ ಊರು ಬಿಟ್ಟು, ಜಾತ್ರೆಯ ಜಂಗುಳಿಯಲ್ಲಿ ಯಾರಾದರೂ ಗುರುತು ಹಿಡಿದಾರೆಂದು ಅಂಜುತ್ತ ಅಲೆಯುತ್ತಾರೆ. ಎಲ್ಲರಿಗಿಂತ ಒಳಗಿದ್ದವರಿಗೇ ಪರದೇಶಿಯ ಪಾಡು.

ಇದೆಲ್ಲ ಅನಂತಮೂರ್ತಿಯವರ ಕಾದಂಬರಿ, ಕಾರ್ನಾಡರ ಚಿತ್ರಕಥೆ. ರೆಡ್ಡಿಯವರದೇನು ಎಂದು ಕೇಳಬಹುದು. ಅವರ ಕೈ ಕಾಣುವುದು ಆಯ್ಕೆಯಲ್ಲಿ. ಕೊಂಕಣಿ ಮನೆಮಾತಿನ ಕಾರ್ನಾಡ್ ಆಚಾರ್ಯರಾದರು, ಲಂಕೇಶ್ ನಾರಣಪ್ಪನಾದರು, ಕ್ರೈಸ್ತ ಮನೆತನದ ಸ್ನೇಹಲತಾ ಚಂದ್ರಿಯಾದರು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೊವನ್. ಶೃಂಗೇರಿ ಬಳಿಯ ವೈಕುಂಠಪುರ ಇವರ ಕಪ್ಪು-ಬಿಳುಪಿನಲ್ಲಿ ಮಲೆನಾಡಿನ ಚೆಲುವಾಗಿ ಒದಗುವುದಿಲ್ಲ. ಜಗಲಿ, ಬಾಗಿಲು, ಹಸಿದ ಮುಖಗಳಷ್ಟೇ ಕಣ್ಣಿಗೆ ಬೀಳುತ್ತವೆ. ಕಾದಂಬರಿಯ ಒಳಮಾತಿನ ಶ್ರೀಮಂತಿಕೆ ಇದರಿಂದ ಕೊಂಚ ಸೊರಗಿತೆಂಬುದು ನಿಜ. ಆದರೆ ಹೊರಗಿನವರು ಒಂದು ಸಮುದಾಯದ ಮಾನ ಕಳೆದರೆಂಬ ಆಕ್ಷೇಪ ನಿಲ್ಲುವುದಿಲ್ಲ. ಮೂಲ ಟೀಕೆ ತೀರ್ಥಹಳ್ಳಿ ಸೀಮೆಯ ಅಗ್ರಹಾರದಲ್ಲೇ ಬೆಳೆದ ಲೇಖಕರದ್ದು. ಮದ್ರಾಸಿನ ಸೆನ್ಸಾರ್ ಮಂಡಳಿ ತಡೆದ ಈ ಚಿತ್ರಕ್ಕೇ ಆಮೇಲೆ ರಾಷ್ಟ್ರಪತಿ ಸ್ವರ್ಣಪದಕ ಬಂತು, ಕನ್ನಡಕ್ಕೆ ಮೊದಲನೆಯದು.

ಬಂದವರು ಕಥೆ ಎತ್ತಿಕೊಂಡು ಹೋಗುತ್ತಾರೆ, ಕಷ್ಟ ಉಣ್ಣುವವರು ಇಲ್ಲಿಯವರು ಎಂಬ ಇನ್ನೊಂದು ಮಾತಿದೆ. ರೆಡ್ಡಿಯವರ ಬಾಳೇ ಅದಕ್ಕೆ ಜವಾಬು. ತುರ್ತುಪರಿಸ್ಥಿತಿಯಲ್ಲಿ ಅವರ ಪತ್ನಿ ಸ್ನೇಹಲತಾ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ನರಳಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಅದೇ ವರ್ಷ ರೆಡ್ಡಿ ಲಂಕೇಶರ ನಾಟಕವನ್ನು ಆಧರಿಸಿ ‘ಚಂಡಮಾರುತ’ ಮಾಡಿದರು, ಮತ್ತೆ ಕನ್ನಡದಲ್ಲೇ. ತೆಲುಗು ಕವಿಯಾಗಿ ಉಳಿದೂ ಅವರು ಕನ್ನಡದವರಾದದ್ದು ಈ ನೆಲದ ಜಗಳಗಳಲ್ಲಿ ಪಾಲು ತೆಗೆದುಕೊಂಡು, ಅದರ ಬೆಲೆ ತೆತ್ತು. ಅಂಥವರನ್ನು ಹೊರಗಿನವರೆನ್ನಲು ಯಾವ ಶಾಸ್ತ್ರದಲ್ಲೂ ಆಧಾರ ಸಿಗದು.