ಕ್ಯಾಮೆರಾದ ಅಲೆ, ಕೈಯ ಅಲೆ

ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಕಡಲಲೆಯನ್ನು ಚಿತ್ರಿಸುವ ಕಲಾವಿದನ ಮೇಲೆ ನಕಲಿನ ಆರೋಪ ಸುಲಭವಾಗಿ ಬರುತ್ತದೆ. ಮೂಲವೆಂಬುದು ನಿರ್ಮಲವಾದದ್ದು, ಕೈಯ ಕೆಲಸ ಅದರ ನೆರಳು ಎಂಬ ಊಹೆ ಈ ಆರೋಪದ ಹಿಂದಿದೆ. ಚರಿತ್ರೆ ಈ ಊಹೆಯನ್ನು ಒಪ್ಪುವುದಿಲ್ಲ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ತೆಗೆದ ಕಡಲ ಚಿತ್ರಗಳಲ್ಲಿ ಹಲವು ಎರಡು ನೆಗೆಟಿವ್‌ಗಳ ಜೋಡಣೆ: ನೀರಿಗೊಂದು, ಆಕಾಶಕ್ಕೊಂದು. ಎರಡಕ್ಕೂ ಹೊಂದುವ ಬೆಳಕಿನ ಅವಧಿಯನ್ನು ಅಂದಿನ ತಂತ್ರ ಒಂದೇ ಫಲಕದಲ್ಲಿ ಒದಗಿಸುತ್ತಿರಲಿಲ್ಲ. ಅಂದರೆ ಮೂಲವೂ ಒಂದು ರಚನೆಯೇ.

1869ರಲ್ಲಿ ಎತ್ರೆತಾ ತೀರದಲ್ಲಿದ್ದ ಗುಸ್ತಾವ್ ಕೂರ್ಬೆಯ ಅಲೆಗಳನ್ನು ಲ ಗ್ರೇಯ ಚಿತ್ರಗಳೊಡನೆ ಹೋಲಿಸುವುದು ವಾಡಿಕೆ. ಅಲೆ ಒಡೆಯುವ ಗಳಿಗೆಯನ್ನು ತಡೆದು ಹಿಡಿಯುವುದರಲ್ಲಿ ಇಬ್ಬರೂ ಸಮಾನರು. ಆದರೆ ಕೂರ್ಬೆ ಬಣ್ಣವನ್ನು ಅಲಗಿನಿಂದ ದಪ್ಪವಾಗಿ ಮೆತ್ತುತ್ತಾನೆ. ಅವನ ನೀರಿಗೆ ಬಂಡೆಯ ತೂಕವಿದೆ. ಛಾಯಾಚಿತ್ರ ಕೊಡಲಾರದ ಗುಣ ಅದು.

ಸರ್ಫಿಂಗ್ ಛಾಯಾಗ್ರಹಣ ನೋಟದ ನೆಲೆಯನ್ನೇ ಬದಲಿಸಿತು. ಜಲನಿರೋಧಕ ಕವಚದೊಳಗಿನ ಕ್ಯಾಮೆರಾದೊಡನೆ ಛಾಯಾಗ್ರಾಹಕ ನೀರಿಗೇ ಇಳಿದ. ದಡದಿಂದ ಕಾಣುತ್ತಿದ್ದ ಅಲೆ ಈಗ ಮೈಮೇಲೆ ಬಾಗುವ ಗೋಡೆಯಾಯಿತು. ಅಮೆರಿಕದ ರಾಬರ್ಟ್ ಲಾಂಗೋ 2000ದ ಆಸುಪಾಸಿನಲ್ಲಿ ಆರಂಭಿಸಿದ ‘ಮಾನ್‌ಸ್ಟರ್ಸ್’ ಸರಣಿ ಇಂಥ ಛಾಯಾಚಿತ್ರಗಳ ಋಣದಲ್ಲಿದೆ. ಈ ಬೃಹತ್ ಚಿತ್ರಗಳ ಮಾಧ್ಯಮ ಇದ್ದಿಲು. ನೊರೆಯ ಬಿಳುಪು ಬಳಿದದ್ದಲ್ಲ, ಸುತ್ತಲೂ ಕಪ್ಪು ತುಂಬಿ ಉಳಿಸಿಕೊಂಡ ಕಾಗದದ ಬಿಳುಪು. ಸರ್ಫಿಂಗ್ ಛಾಯಾಚಿತ್ರದಲ್ಲಿ ಅಲೆಯ ಎತ್ತರಕ್ಕೆ ಅಳತೆಗೋಲಾಗುವ ಸವಾರ ಇಲ್ಲಿಲ್ಲ. ಆ ಸ್ಥಾನದಲ್ಲಿ ನೋಡುಗನೇ ನಿಲ್ಲಬೇಕಾಗುತ್ತದೆ. ಸರಣಿಯ ಶಕ್ತಿ ಈ ಪಲ್ಲಟದಲ್ಲಿದೆ. ಅದರ ಮಿತಿಯೂ ಹತ್ತಿರದಲ್ಲೇ ಇದೆ: ಅಲೆಯ ಶಿಖರಕ್ಷಣವನ್ನೇ ಆಯುವ ಪತ್ರಿಕಾ ಛಾಯಾಚಿತ್ರದ ಅಭಿರುಚಿಯನ್ನು ಲಾಂಗೋ ಪ್ರಶ್ನಿಸುವುದಿಲ್ಲ. ಭವ್ಯತೆಯ ಒಂದು ಪಾಲು ಎರವಲಾಗಿಯೇ ಉಳಿಯುತ್ತದೆ.

ವೀಯಾ ಸೆಲ್ಮಿನ್ಸ್ ಆ ಅಭಿರುಚಿಯನ್ನೇ ನಿರಾಕರಿಸುತ್ತಾಳೆ. ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ ಕಡಲೊಳಗೆ ಚಾಚಿದ ಕಟ್ಟೆಯ ಮೇಲಿಂದ ತಾನೇ ತೆಗೆದ ಛಾಯಾಚಿತ್ರಗಳನ್ನು ಆಧರಿಸಿ ಅವಳು 1968ರಿಂದ ಪೆನ್ಸಿಲ್‌ನಲ್ಲಿ ರಚಿಸಿದ ಕಡಲುಗಳಲ್ಲಿ ದಿಗಂತವಿಲ್ಲ, ಒಡೆಯುವ ಅಲೆಯಿಲ್ಲ, ಕೇಂದ್ರವೂ ಇಲ್ಲ. ಕಾಗದದ ಅಂಚಿನಿಂದ ಅಂಚಿಗೆ ಸಣ್ಣ ಸುಕ್ಕುಗಳು ಮಾತ್ರ. ಕ್ಯಾಮೆರಾ ಕ್ಷಣಾರ್ಧದಲ್ಲಿ ಪಡೆದದ್ದನ್ನು ಕೈ ದೀರ್ಘಕಾಲ ಕೂತು ಮತ್ತೆ ಪಡೆಯುತ್ತದೆ. ಆ ಕಾಲವೇ ಚಿತ್ರದ ವಸ್ತುವಾಗುತ್ತದೆ. ಮೂಲಕ್ಕೆ ಅತ್ಯಂತ ನಿಷ್ಠವಾಗಿ ಕಾಣುವ ಈ ಚಿತ್ರಗಳೇ ಅದರಿಂದ ಅತ್ಯಂತ ದೂರ ಸಾಗಿವೆ.

ಎರಡು ಭಾಷೆಗಳ ನಡುವೆ ದುಡಿಯುವವರಿಗೆ ಈ ಸಮಸ್ಯೆ ಅಪರಿಚಿತವಲ್ಲ. ಅನುವಾದವನ್ನು ಮೂಲಕ್ಕೆ ಎಷ್ಟು ಹತ್ತಿರವೆಂಬ ಒಂದೇ ಮಾನದಂಡದಿಂದ ಅಳೆದರೆ ಅನುವಾದಕನ ಭಾಷೆ ಮಾಡಿದ ಕೆಲಸ ಲೆಕ್ಕಕ್ಕೆ ಸಿಗದು. ಅಲೆಯ ಚಿತ್ರಕ್ಕೂ ಕೇಳಬೇಕಾದ ಪ್ರಶ್ನೆ ಅದೇ: ಬಣ್ಣ, ಇದ್ದಿಲು, ಪೆನ್ಸಿಲ್ ತಂತಮ್ಮ ಸ್ವಭಾವದಿಂದ ಛಾಯಾಚಿತ್ರಕ್ಕೆ ಏನನ್ನು ಸೇರಿಸಿದವು, ಏನನ್ನು ಬಿಟ್ಟುಕೊಟ್ಟವು?