ಫೋಟೋದ ಹಿಂದೆ ಹೆಸರಿರಲಿ

ನಮ್ಮ ಕಡೆಯ ಮನೆಗಳಲ್ಲಿ ಟ್ರಂಕಿನ ತಳಕ್ಕೆ ಒಂದು ಹಳೆಯ ಆಲ್ಬಮ್ ಇದ್ದೇ ಇರುತ್ತದೆ. ಕಪ್ಪು ಹಾಳೆಗಳು, ಅವುಗಳ ನಡುವೆ ತೆಳ್ಳನೆಯ ಬೆಣ್ಣೆ ಕಾಗದ, ಫೋಟೋದ ನಾಲ್ಕು ಮೂಲೆಗೆ ಸಿಕ್ಕಿಸಿದ ಪುಟ್ಟ ತ್ರಿಕೋನಗಳು. ದಸರೆಗೋ ದೀಪಾವಳಿಗೋ ಮನೆ ಸ್ವಚ್ಛ ಮಾಡುವಾಗ ಅದು ಹೊರಗೆ ಬರುತ್ತದೆ, ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ‘ಇವರು ಯಾರು?’ ಎಂದು ಮಕ್ಕಳು ಕೇಳುತ್ತಾರೆ. ಹಿರಿಯರೊಬ್ಬರು ಇದ್ದರೆ ಉತ್ತರ ಸಿಗುತ್ತದೆ. ಇಲ್ಲದಿದ್ದರೆ ‘ಯಾರೋ ನಮ್ಮ ಪೈಕಿಯವರೇ’ ಎಂದು ಹಾಳೆ ತಿರುವುತ್ತೇವೆ. ಹೀಗೆ ಎಷ್ಟೋ ಅಜ್ಜಿಯರು, ಸೋದರತ್ತೆಯರು ತಮ್ಮ ಮನೆಯಲ್ಲೇ ‘ಯಾರೋ’ ಆಗಿಬಿಟ್ಟಿದ್ದಾರೆ.

ಫೋಟೋ ನೆನಪನ್ನು ಉಳಿಸುತ್ತದೆ ಎಂಬ ಮಾತನ್ನು ನಾನೂ ಬಹಳ ಕಾಲ ನಂಬಿದ್ದೆ. ಆ ನಂಬಿಕೆ ಅಲುಗಾಡಿದ್ದು ಎರಡು ಕಾರಣಗಳಿಂದ. ಒಂದು ನನ್ನ ಅವ್ವ, ಇನ್ನೊಂದು ಒಂದು ಪುಸ್ತಕ. ಪುಸ್ತಕದ ಮಾತನ್ನು ಮೊದಲು ಹೇಳುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಓದಲು ತಂದುಕೊಟ್ಟದ್ದು ಸಬೀನಾ ಗಡಿಹೋಕ್ ಅವರ ‘ಇಂಡಿಯಾ ಇನ್ ಫೋಕಸ್: ಕ್ಯಾಮೆರಾ ಕ್ರಾನಿಕಲ್ಸ್ ಆಫ್ ಹೋಮಾಯಿ ವ್ಯಾರಾವಾಲಾ’ ಎಂಬ ಇಂಗ್ಲಿಷ್ ಪುಸ್ತಕ. ಪ್ರಕಟವಾದದ್ದು 2006ರಲ್ಲಿ. ಹೋಮಾಯಿ ವ್ಯಾರಾವಾಲಾ ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಹುಟ್ಟಿದ್ದು 1913ರಲ್ಲಿ, ಗುಜರಾತಿನ ನವಸಾರಿಯ ಪಾರ್ಸಿ ಮನೆತನದಲ್ಲಿ. ತಂದೆ ಊರೂರು ಸುತ್ತುವ ನಾಟಕ ಕಂಪನಿಯಲ್ಲಿದ್ದವರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿದ ಹೋಮಾಯಿ ಕ್ಯಾಮೆರಾ ಹಿಡಿಯಲು ಕಲಿತದ್ದು ಮಾಣೆಕ್‌ಶಾ ಎಂಬ ತರುಣನಿಂದ; ಮುಂದೆ ಆತನೇ ಪತಿಯಾದ. 1942ರಲ್ಲಿ ಇಬ್ಬರೂ ದಿಲ್ಲಿಗೆ ಹೋಗಿ ಬ್ರಿಟಿಷ್ ಮಾಹಿತಿ ಸೇವೆಯಲ್ಲಿ ಕೆಲಸಕ್ಕೆ ಸೇರಿದರು. ಸೀರೆಯುಟ್ಟು, ಭಾರದ ಕ್ಯಾಮೆರಾ ಹೊತ್ತು, ಗಂಡಸರ ಗುಂಪಿನಲ್ಲಿ ಒಬ್ಬಳೇ ಹೆಂಗಸು ನಿಂತು ಅವರು ತೆಗೆದ ಚಿತ್ರಗಳು ಒಂದೆರಡಲ್ಲ. ದೇಶವಿಭಜನೆಗೆ ಒಪ್ಪಿಗೆ ಸೂಚಿಸಿ ಕಾಂಗ್ರೆಸ್ಸಿಗರು ಕೈಯೆತ್ತಿದ ಸಭೆ, 1947ರ ಆಗಸ್ಟಿನಲ್ಲಿ ಕೆಂಪು ಕೋಟೆಯ ಧ್ವಜಾರೋಹಣ, ಗಾಂಧೀಜಿಯವರ ಅಂತ್ಯಯಾತ್ರೆ ಎಲ್ಲ ಅವರ ಕ್ಯಾಮೆರಾದಲ್ಲಿವೆ. ವಿಮಾನ ನಿಲ್ದಾಣದಲ್ಲಿ ತಂಗಿ ವಿಜಯಲಕ್ಷ್ಮಿ ಪಂಡಿತರ ದಾರಿ ಕಾಯುತ್ತ ನಿಂತ ನೆಹರೂ, ಅವರ ಪಕ್ಕದಲ್ಲೇ ಫೋಟೋ ತೆಗೆಯಲು ಸಕ್ತ ಮನಾಯಿ ಎಂದು ಸಾರುವ ಫಲಕ ಇರುವ ಚಿತ್ರ ನೋಡಿದರೆ ಈಗಲೂ ನಗು ಬರುತ್ತದೆ.

ಇಂಥ ಚಿತ್ರಗಳನ್ನು ನಾವು ಪತ್ರಿಕೆಗಳಲ್ಲಿ ಎಷ್ಟೋ ಸಲ ನೋಡಿರುತ್ತೇವೆ. ತೆಗೆದವರು ಯಾರೆಂದು ಕೇಳಿದ್ದೇವೆಯೇ? ಇತಿಹಾಸದ ಪಾಠ ಹೇಳುವ ನಾನೇ ಕೇಳಿರಲಿಲ್ಲ.

ಹೆಸರಿನ ವಿಷಯ ಇಲ್ಲಿ ಸಣ್ಣದಲ್ಲ. ಹೋಮಾಯಿಯವರ ಮೊದಮೊದಲ ಚಿತ್ರಗಳು ಪ್ರಕಟವಾದದ್ದು ಗಂಡನ ಹೆಸರಿನಲ್ಲಿ. ಆಮೇಲೆ ಅವರು ‘ಡಾಲ್ಡಾ 13’ ಎಂಬ ಗುಪ್ತನಾಮ ಇಟ್ಟುಕೊಂಡರು. ನಮಗೆಲ್ಲ ಡಾಲ್ಡಾ ಎಂದರೆ ಅಡುಗೆಮನೆಯ ಹಳದಿ ಡಬ್ಬಿ! ಅವರ ಲೆಕ್ಕವೇ ಬೇರೆ. ಹುಟ್ಟಿದ್ದು 1913ರಲ್ಲಿ, ಮಾಣೆಕ್‌ಶಾರನ್ನು ಮೊದಲು ಕಂಡದ್ದು 13ನೆಯ ವಯಸ್ಸಿನಲ್ಲಿ, ಕಾರಿನ ನಂಬರು ಡಿ.ಎಲ್.ಡಿ. 13. ತಮಾಷೆಯ ಹೆಸರೇ ಸರಿ. ಆದರೂ ತನ್ನ ಕೆಲಸಕ್ಕೆ ಒಮ್ಮೆ ಗಂಡನ ಹೆಸರು, ಇನ್ನೊಮ್ಮೆ ಕಾರಿನ ನಂಬರು. ಸ್ವಂತ ಹೆಸರು ಜನರ ಬಾಯಿಗೆ ಬರಲು ಎಷ್ಟು ಕಾಲ ಬೇಕಾಯಿತು ಎಂದು ಯೋಚಿಸಿದಾಗ ನಗು ಅಲ್ಲಿಗೇ ನಿಂತಿತು.

1969ರಲ್ಲಿ ಪತಿ ತೀರಿಕೊಂಡರು. ಮರುವರ್ಷ ಹೋಮಾಯಿ ವೃತ್ತಿ ಬಿಟ್ಟರು. ಹೊಸ ಪೀಳಿಗೆಯ ಫೋಟೋಗ್ರಾಫರುಗಳ ಒರಟು ನಡತೆ ಸರಿಬರಲಿಲ್ಲ ಎಂಬುದು ಅವರು ಕೊಟ್ಟ ಕಾರಣ. ಮಗನೊಂದಿಗೆ ವಡೋದರಾ ಸೇರಿದರು. 1989ರಲ್ಲಿ ಆ ಮಗನೂ ಹೋದ. ಆಮೇಲೆ ಒಂಟಿ ಬದುಕು. ದೇಶದ ನೆನಪನ್ನೆಲ್ಲ ಕಾಪಾಡಿದಾಕೆಯನ್ನು ದೇಶ ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು. ಗಡಿಹೋಕ್ 1998ರಲ್ಲಿ ‘ತ್ರೀ ವಿಮೆನ್ ಅಂಡ್ ಎ ಕ್ಯಾಮೆರಾ’ ಎಂಬ ಸಾಕ್ಷ್ಯಚಿತ್ರ ಮಾಡಿದರು, ಮುಂದೆ ಈ ಪುಸ್ತಕ ಬರೆದರು. 2010ರಲ್ಲಿ ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ದೊಡ್ಡ ಪ್ರದರ್ಶನವಾಯಿತು, 2011ರಲ್ಲಿ ಪದ್ಮವಿಭೂಷಣ ಬಂತು. 2012ರ ಜನವರಿಯಲ್ಲಿ, 98ನೆಯ ವಯಸ್ಸಿನಲ್ಲಿ, ಹೋಮಾಯಿ ತೀರಿಕೊಂಡರು.

ಈ ಪುಸ್ತಕದ ಹೆಚ್ಚುಗಾರಿಕೆ ಎಲ್ಲಿದೆ? ಚಿತ್ರಗಳಲ್ಲಿದೆ ಎಂದು ಮೊದಲು ನನಗೂ ಅನ್ನಿಸಿತ್ತು. ಎರಡನೆಯ ಸಲ ಓದಿದಾಗ ಅದು ಮಾತಿನಲ್ಲಿದೆ ಎನ್ನಿಸಿತು. ಒಬ್ಬ ವೃದ್ಧೆ ತನ್ನ ಚಿತ್ರಗಳನ್ನು ಮುಂದಿಟ್ಟುಕೊಂಡು ನೆನಪು ಮಾಡಿಕೊಳ್ಳುತ್ತಾಳೆ, ಇನ್ನೊಬ್ಬ ಹೆಂಗಸು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾಳೆ. ಅದರಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಹೋಮಾಯಿ ತೆಗೆಯದೇ ಹೋದ ಚಿತ್ರ. 1948ರ ಜನವರಿ 30ರಂದು ಅವರು ಗಾಂಧೀಜಿಯವರ ಪ್ರಾರ್ಥನಾಸಭೆಗೆ ಹೊರಟಿದ್ದರಂತೆ. ನಾಳೆ ಇಬ್ಬರೂ ಕೂಡಿಯೇ ಹೋಗೋಣವೆಂದು ಗಂಡ ತಿರುಗಿ ಕರೆದರು. ಆ ನಾಳೆ ಬರಲಿಲ್ಲ. ಆ ಕೊರಗು ಜೀವನವಿಡೀ ಅವರ ಜೊತೆಗಿತ್ತು. ಆ ಸಂಜೆಯ ಫೋಟೋ ಅವರ ಬಳಿ ಇಲ್ಲ, ನೆನಪು ಮಾತ್ರ ಗಟ್ಟಿಯಾಗಿದೆ. ನೆನಪು ಇರುವುದು ಕಾಗದದಲ್ಲಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಒಂದು ಅತೃಪ್ತಿಯನ್ನೂ ಹೇಳಬೇಕು. ಪುಸ್ತಕ ತೆರೆದರೆ ನಮ್ಮ ಕಣ್ಣು ಹೋಗುವುದು ನೆಹರೂ ಕಡೆಗೆ, ಮೌಂಟ್‌ಬ್ಯಾಟನ್ ಕಡೆಗೆ. ದೊಡ್ಡವರನ್ನು ಚಿತ್ರಿಸಿದ್ದರಿಂದ ಆಕೆ ದೊಡ್ಡವಳು ಎಂಬ ಭಾವನೆ ನಮಗೆ ಅರಿವಿಲ್ಲದೆಯೇ ಬಂದುಬಿಡುತ್ತದೆ. ನನಗೆ ಹೆಚ್ಚು ಪ್ರಿಯವಾದವು ಮುಂಬಯಿಯ ಆರಂಭದ ದಿನಗಳ ಚಿತ್ರಗಳು. ಸಹಪಾಠಿ ರೆಹಾನಾ ಮೊಗಲ್ ಮತ್ತಿತರ ಹುಡುಗಿಯರು ಅಲ್ಲಿ ಯಾರ ಅಂಜಿಕೆಯೂ ಇಲ್ಲದೆ ಕ್ಯಾಮೆರಾದ ಮುಂದಿದ್ದಾರೆ. ಅವರಾರೂ ಪ್ರಧಾನಿಯಾದವರಲ್ಲ. ಆದರೆ ಹೋಮಾಯಿ ಯಾರೆಂಬುದು ಕೆಂಪು ಕೋಟೆಗಿಂತ ಅಲ್ಲಿಯೇ ನನಗೆ ಚೆನ್ನಾಗಿ ಕಾಣುತ್ತದೆ. ವೃತ್ತಿ ಬಿಟ್ಟ ಮೇಲೂ ನಲವತ್ತು ವರ್ಷ ಬದುಕಿದಾಕೆ ಅವರು. ಆ ದೀರ್ಘ ಮುಪ್ಪಿನ ಮಾತು ಇನ್ನಷ್ಟು ಬೇಕಿತ್ತು ಎನ್ನಿಸಿತು. ನಮ್ಮಂಥ ಓದುಗರಿಗೆ ಮುಂದೆ ಎದುರಾಗುವುದು ಅದೇ ತಾನೆ?

ಈಗ ಅವ್ವನ ವಿಷಯ. ಅವಳಿಗೆ ಎಂಬತ್ತು ದಾಟಿದೆ, ಮರೆವು ಶುರುವಾಗಿದೆ. ಇತ್ತೀಚಿನದು ಮೊದಲು ಅಳಿಸಿಹೋಗುತ್ತದೆ, ಹಳೆಯದು ಹೆಚ್ಚು ದಿನ ಉಳಿಯುತ್ತದೆ. ಹಳೆಯ ಫೋಟೋ ತೋರಿಸಿ ಮಾತಾಡಿಸಿ ಎಂದು ಡಾಕ್ಟರು ಹೇಳಿದರು. ನಾನು ಆಲ್ಬಮ್ ತೆಗೆದು ಕುಳಿತೆ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವಳು ನಾನು. ‘ಇವರು ಯಾರು ಹೇಳವ್ವಾ? ಇವರು? ನಿನ್ನೆ ಹೇಳಿದ್ದೆನಲ್ಲ?’ ಎಂದು ಮೌಖಿಕ ಪರೀಕ್ಷೆಯನ್ನೇ ನಡೆಸಿದೆ. ಮೂರನೆಯ ದಿನ ಆಲ್ಬಮ್ ಕಂಡ ಕೂಡಲೇ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಉತ್ತರ ಬಾರದ ಮಕ್ಕಳ ಕಣ್ಣಿನಲ್ಲಿ ಕಾಣುವ ಆ ಹೆದರಿಕೆಯನ್ನು ನನ್ನ ಅವ್ವನ ಕಣ್ಣಿನಲ್ಲಿ ಕಂಡೆ. ಅದನ್ನು ತಂದವಳು ನಾನೇ.

ಹೋಮಾಯಿಯವರ ಪುಸ್ತಕ ಮುಗಿಸಿದ ಮೇಲೆ ಇನ್ನೊಂದು ಸಲ ಆಲ್ಬಮ್ ತೆಗೆದೆ. ಈ ಸಲ ಏನೂ ಕೇಳಲಿಲ್ಲ. 1962ರ ಮದುವೆಯ ಫೋಟೋ ಅವಳ ಮಡಿಲಲ್ಲಿಟ್ಟು ‘ಸೀರಿ ಭಾಳ ಚಲೋ ಐತೆವ್ವಾ’ ಎಂದು ಸುಮ್ಮನಾದೆ. ಬಹಳ ಹೊತ್ತಿನ ಮೇಲೆ ಅವಳೇ ಬಾಯಿಬಿಟ್ಟಳು.

‘ಇದರಾಗ ಕಪ್ಪು ಕಾಣತೈತಿ. ಕಪ್ಪಲ್ಲವಾ ಅದು, ಹಸರು. ದಡಿ ಕೆಂಪು. ನಮ್ಮಪ್ಪ ಇಳಕಲ್ಲಿಗೆ ಹೋಗಿ ತಂದಿದ್ದ.’ ಆಮೇಲೆ ಸ್ವಲ್ಪ ತಡೆದು, ‘ಉಟ್ಟಾಕಿ ಯಾರೋ ಗೊತ್ತಾಗವಲ್ದು’ ಎಂದಳು.

ಆ ಫೋಟೋ ತನ್ನ ಒಡತಿಯ ಮುಖವನ್ನು ಅರವತ್ತು ವರ್ಷ ಕಾದುಕೊಂಡು ಬಂದಿತ್ತು. ಮುಖ ಈಗ ಅವಳಿಗೇ ಗುರುತಿಲ್ಲ. ಫೋಟೋದಲ್ಲಿ ಇಲ್ಲದ ಹಸಿರು ಬಣ್ಣ ಮಾತ್ರ ಅವಳಲ್ಲಿತ್ತು. ನಾನು ಪರೀಕ್ಷೆ ಮಾಡುತ್ತಲೇ ಇದ್ದಿದ್ದರೆ ಅದೂ ಅವಳೊಂದಿಗೇ ಹೋಗುತ್ತಿತ್ತು.

ಫೋಟೋ ತಿರುಗಿಸಿ ನೋಡಿದೆ. ಹಿಂದೆ ಸ್ಟುಡಿಯೋದ ಮುದ್ರೆ, ಕೆಳಗೆ ಅಪ್ಪನ ಅಕ್ಷರ. ಗಂಡಸರ ಹೆಸರುಗಳು ಸಾಲಾಗಿ ಇವೆ. ಕೊನೆಗೆ ‘ಮತ್ತು ಮನೆಯ ಹೆಣ್ಣುಮಕ್ಕಳು’ ಎಂದಿದೆ. ಅಪ್ಪ ಕೆಟ್ಟವರಲ್ಲ, ಅಂದಿನ ರೂಢಿ ಹಾಗಿತ್ತು. ಮದುವೆಯಲ್ಲಿ ಹೆಣ್ಣಿನ ಹೆಸರನ್ನೇ ಬದಲಿಸುವ ಪದ್ಧತಿಯೂ ನಮ್ಮ ಕಡೆ ಇತ್ತು. ಈಗ ಅವ್ವ ಅತ್ತೆಮನೆಯ ಹೆಸರಿಗೆ ಓಗೊಡುವುದಿಲ್ಲ, ತವರಿನ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಾಳೆ.

ಇಂದು ಎಲ್ಲರ ಮೊಬೈಲಿನಲ್ಲೂ ಸಾವಿರಗಟ್ಟಲೆ ಫೋಟೋಗಳಿವೆ. ಫೋಟೋದ ಬಡತನ ಇಲ್ಲ, ಕೂತು ಹೇಳುವ ಕೇಳುವ ಬಡತನ ಇದೆ. ಆದ್ದರಿಂದ ಅಕ್ಕತಂಗಿಯರಲ್ಲಿ ನನ್ನದೊಂದು ಕೇಳಿಕೆ. ಕೆಲವನ್ನಾದರೂ ಕಾಗದಕ್ಕೆ ಇಳಿಸಿ. ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ನು ಒತ್ತಿದರೆ ಮುಂದೆ ಗೆರೆ ಮೂಡುತ್ತದೆ. ಹೆಂಗಸರ ಹೆಸರು ಬರೆಯಿರಿ, ಎರಡಿದ್ದರೆ ಎರಡೂ ಬರೆಯಿರಿ. ಎಲ್ಲರ ಫೋಟೋ ನೀವೇ ತೆಗೆಯುತ್ತಿದ್ದರೆ ಒಮ್ಮೆ ಮೊಬೈಲನ್ನು ಮಗನ ಕೈಗೆ ಕೊಟ್ಟು ನೀವೂ ಸಾಲಿನಲ್ಲಿ ನಿಲ್ಲಿ. ಮನೆಯಲ್ಲಿ ಹಿರಿಯರಿದ್ದರೆ ‘ಇದು ಯಾರು?’ ಎಂದು ಪೀಡಿಸಬೇಡಿ. ಫೋಟೋ ಕೈಗಿಟ್ಟು ಪಕ್ಕದಲ್ಲಿ ಕೂತುಕೊಳ್ಳಿ.

ಆ ಮದುವೆಯ ಫೋಟೋದ ಹಿಂದೆ, ಅಪ್ಪನ ಅಕ್ಷರದ ಕೆಳಗೆ, ನಾನು ಅವ್ವನ ಎರಡೂ ಹೆಸರು ಬರೆದೆ. ಅದರ ಕೆಳಗೆ ಇಷ್ಟು ಸೇರಿಸಿದೆ: ‘ಇಳಕಲ್ ಸೀರೆ. ಬಣ್ಣ ಹಸಿರು, ದಡಿ ಕೆಂಪು. ಇವಳ ಅಪ್ಪ ತಂದದ್ದು.’