ಮೊಳೆ ಬೇಡ, ಪಟ್ಟಿ ಸಾಕು

ಚಿಕ್ಕೇರೂರಿನ ಸುತ್ತ ಹುಣಸೆ ಬಡಿಯುವ ಕಾಲ ಬಂತೆಂದರೆ ನನ್ನ ಕಣ್ಣು ಹಣ್ಣಿಗಿಂತ ಮೊದಲು ಬೊಡ್ಡೆಗೆ ಹೋಗುತ್ತದೆ. ಮೊದಲ ಟೊಂಗೆ ಎರಡಾಳು ಎತ್ತರದಲ್ಲಿರುವ ಹಳೆಯ ಮರವಾದರೆ ಕಾಲಿಡಲು ಕೊಡಲಿಯಿಂದ ಕೆತ್ತಿದ ಕಚ್ಚುಗಳಿರುತ್ತವೆ, ಇಲ್ಲವೆ ಬಡಿದ ಕಬ್ಬಿಣದ ಗೂಟಗಳಿರುತ್ತವೆ. ಹರಾಜಿನಲ್ಲಿ ಮರ ಹಿಡಿದವನಿಗೆ ಆ ವರ್ಷದ ಹಣ್ಣಷ್ಟೇ ಲೆಕ್ಕ. ಗಾಯ ಮಾತ್ರ ಮರದ ಪಾಲಿಗೆ ಉಳಿಯುತ್ತದೆ. ಗಾಯ ಮಾಡದೆ ಹತ್ತುವ, ಇಳಿದ ಮೇಲೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೋಗುವ ಮೆಟ್ಟಿಲುಗಳಿವೆ. ಈ ವಾರ ಅವುಗಳ ವಿಚಾರ.

ಈ ಮೆಟ್ಟಿಲುಗಳನ್ನು ತಿದ್ದಿ ತೀಡಿ ಹಗುರ ಮಾಡಿದವರಲ್ಲಿ ಅಮೆರಿಕದ ಬಿಲ್ಲುಬೇಟೆಗಾರರು ಮುಖ್ಯರು. ಬಂದೂಕಿನ ಗುಂಡಿನಂತೆ ಬಾಣ ದೂರ ಹೋಗಲಾರದು. ಜಿಂಕೆ ಇಪ್ಪತ್ತು ಮೂವತ್ತು ಮೀಟರ್ ಹತ್ತಿರ ಬರಬೇಕು. ನೆಲದ ಮೇಲಿದ್ದರೆ ಅದರ ಕಣ್ಣಿಗೆ ಬೀಳುವುದು ಖಂಡಿತ. ಅದಕ್ಕೇ ಐದಾರು ಮೀಟರ್ ಮೇಲೇರಿ ತಾಸುಗಟ್ಟಲೆ ಅಲುಗಾಡದೆ ಕೂರುತ್ತಾರೆ. ಗಾಳಿ ದಿಕ್ಕು ಬದಲಿಸಿದರೆ ಮರವನ್ನೂ ಬದಲಿಸಬೇಕು. ಮೆಟ್ಟಿಲು ಬೆನ್ನಿನ ಚೀಲದಲ್ಲಿ ಹಿಡಿಸಲೇಬೇಕಾದ ಗರಜು ಹುಟ್ಟಿದ್ದು ಅಲ್ಲಿಂದ. ಅವರಲ್ಲಿ ಮೊದಲು ಹೆಚ್ಚು ಬಳಕೆಯಲ್ಲಿದ್ದದ್ದು ತಿರುಪಿನ ಗೂಟ: ಮರಕ್ಕೆ ತಿರುಗಿಸಿ ಕೂರಿಸುವ ಕಬ್ಬಿಣದ ಮೆಟ್ಟಿಲು. ಮರ ಹಾಳಾಗುತ್ತದೆಂದು ಅಲ್ಲಿನ ಎಷ್ಟೋ ಸರ್ಕಾರಿ ಕಾಡುಗಳಲ್ಲಿ ಅದನ್ನು ನಿಷೇಧಿಸಿದ್ದಾರೆ. ಈಗ ಬೊಡ್ಡೆಯ ಸುತ್ತ ಪಟ್ಟಿ ಬಿಗಿದು ನಿಲ್ಲಿಸುವ ತುಂಡು ಏಣಿಗಳೇ ಹೆಚ್ಚು. ಒಂದು ಕೋಲು, ಅದಕ್ಕೆ ಎರಡೋ ಮೂರೋ ಕಾಲುಮೆಟ್ಟು, ಒಂದು ಪಟ್ಟಿ. ಅಂಥ ಮೂರ್ನಾಲ್ಕು ತುಂಡುಗಳನ್ನು ಒಂದರ ಮೇಲೊಂದು ಕಟ್ಟುತ್ತಾ ಏರುವುದು.

ಮಲೆನಾಡಿನ ಮೆಣಸಿನ ತೋಟ ನೋಡಿದವರಿಗೆ ಇದರ ಆಕಾರ ಹೊಸದಲ್ಲ. ಗೆಣ್ಣುಗಳಲ್ಲಿ ಕವಲಿನ ಬುಡವನ್ನು ಕಾಲಿಡುವಷ್ಟು ಉಳಿಸಿ ಸವರಿದ ಒಂಟಿ ಬಿದಿರಿನ ಏಣಿಯನ್ನು ನಮ್ಮವರು ಬಳ್ಳಿಯ ನಡುವೆ ಒರಗಿಸಿ ಹತ್ತುತ್ತಾರೆ. ಅದನ್ನೇ ತುಂಡು ಮಾಡಿ, ಅಲ್ಯೂಮಿನಿಯಂನಲ್ಲಿ ಮಾಡಿ, ಒರಗಿಸುವ ಬದಲು ಬಿಗಿದು ಕಟ್ಟಿದರೆ ಅಮೆರಿಕದ ಏಣಿಯಾಗುತ್ತದೆ.

ಗೂಟ ಬಡಿಯುವವರ ಜಾಣ್ಮೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಾಂಜಾನಿಯಾದ ಇಯಾಸಿ ಸರೋವರದ ಸುತ್ತಲಿನ ಹಾಡ್ಜಾ ಜನ ಇಂದಿಗೂ ಬಿಲ್ಲುಬಾಣದ ಬೇಟೆಗಾರರು. ಜೇನಿನ ದಾರಿ ತೋರುವ ಹಕ್ಕಿಯ ಹಿಂದೆ ಹೋಗಿ, ಬಾವೊಬಾಬ್ ಮರಕ್ಕೆ ಚೂಪಾದ ಕಟ್ಟಿಗೆ ಗೂಟ ಬಡಿದು, ಅದರ ಮೇಲೆ ನಿಂತು ಮುಂದಿನದನ್ನು ಬಡಿಯುತ್ತಾ ಏರುತ್ತಾರೆ. ಬೋರ್ನಿಯೋದ ದಯಾಕ್ ಜನರು ಇನ್ನೂ ಒಂದು ಹೆಜ್ಜೆ ಮುಂದೆ. ಅವರು ಬಿದಿರಿನ ಗೂಟಗಳ ಹೊರತುದಿಗಳನ್ನು ನೆಟ್ಟಗೆ ನಿಲ್ಲಿಸಿದ ಬಿದಿರಿಗೆ ಬಿಗಿಯುತ್ತಾರೆ, ಒಂದೇ ಗೂಟದ ಮೇಲೆ ಪೂರ್ತಿ ಭಾರ ಬೀಳುವುದಿಲ್ಲ. ಆಲ್ಫ್ರೆಡ್ ರಸೆಲ್ ವ್ಯಾಲೇಸ್ 1869ರಲ್ಲಿ ಪ್ರಕಟವಾದ ತನ್ನ ಮಲಯ ದ್ವೀಪಗಳ ಪುಸ್ತಕದಲ್ಲಿ ಇದನ್ನು ಮೆಚ್ಚಿ ವಿವರಿಸಿದ್ದಾನೆ. ಆದರೆ ಬಾವೊಬಾಬ್ ಮರದ ಮಾತೇ ಬೇರೆ. ಅದರ ಕಟ್ಟಿಗೆ ಮೆತ್ತಗೆ, ಸುಲಿದ ತೊಗಟೆಯನ್ನೂ ಅದು ಮತ್ತೆ ಬೆಳೆಸಿಕೊಳ್ಳುತ್ತದೆ. ನಂಬಿಕೆ ಬಾರದಿದ್ದರೆ ಸವಣೂರಿಗೆ ಹೋಗಿ ದೊಡ್ಡಹುಣಸೆ ಮಠದ ಆವರಣದಲ್ಲಿರುವ ಆಫ್ರಿಕಾ ಮೂಲದ ಆ ಮರಗಳ ಮೈ ನೋಡಿ. ಅವಕ್ಕೆ ದೊಡ್ಡಹುಣಸೆ ಎಂದು ಹೆಸರಿದ್ದರೂ ನಮ್ಮ ಬದುವಿನ ಹುಣಸೆಗೂ ಅವಕ್ಕೂ ಹೋಲಿಕೆಯಿಲ್ಲ.

ಹುಣಸೆ, ಮಾವು, ಬೇವುಗಳಲ್ಲಿ ತೊಗಟೆಯ ಕೆಳಗೆ ಬೆಳೆಯುವ ಪದರವಿರುತ್ತದೆ. ಕೆತ್ತಿದ ಜಾಗವನ್ನು ಅದು ನಿಧಾನಕ್ಕೆ ಮುಚ್ಚುತ್ತದೆ, ಮುಚ್ಚುವಷ್ಟರಲ್ಲಿ ಹುಳ, ಬೂಷ್ಟು ಒಳಹೋಗಲು ಸಾಕಷ್ಟು ವೇಳೆ ಸಿಕ್ಕಿರುತ್ತದೆ. ತೆಂಗು, ಅಡಿಕೆಗಳಿಗೆ ಆ ಪದರವೇ ಇಲ್ಲ. ತೆಂಗಿನ ಮೈಯಲ್ಲಿ ಕೆತ್ತಿದ ಮೆಟ್ಟಿಲು ಮರ ಇರುವತನಕ ಹಾಗೇ ಇರುತ್ತದೆ. ಕೆಂಪು ಮೂತಿ ಹುಳು ಮೊಟ್ಟೆಯಿಡಲು ಹುಡುಕುವುದು ಇಂಥ ಗಾಯಗಳನ್ನೇ. ಹತ್ತಲು ಸಲೀಸೆಂದು ತೆಂಗಿಗೆ ಕಚ್ಚು ಹಾಕಿಸುವ ರೈತಬಂಧುಗಳಲ್ಲಿ ಕೈಮುಗಿದು ಕೇಳುತ್ತೇನೆ, ದಯವಿಟ್ಟು ನಿಲ್ಲಿಸಿ.

ಮರಕ್ಕೆ ನೋವಾಗದಂತೆ ಹತ್ತುವುದರಲ್ಲಿ ಅಡಿಕೆ ಕೊನೆ ಇಳಿಸುವ ಮಲೆನಾಡಿನ ಕೊನೆಗೌಡನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಪಾದಗಳಿಗೆ ಒಂದು ತಳೆ, ಕೂರಲು ಒಂದು ಮಣೆ, ಒಂದು ಹಗ್ಗ. ಅಷ್ಟರಲ್ಲೇ ಮಳೆಗಾಲದ ಪಾಚಿ ಹಿಡಿದ ಅಡಿಕೆ ಮರ ಏರಿ ಕೊಳೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತಾನೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಕೊಳೆ ರೋಗದ ಬೆನ್ನು ಹತ್ತಿ 1910ರಲ್ಲಿ ವರದಿ ಬರೆದ ಮೇಲೆ ಮಳೆಗಾಲದಲ್ಲಿ ಮರ ಹತ್ತುವ ಕೆಲಸ ಇನ್ನೂ ಹೆಚ್ಚಿತು. ಈಗ ನಮ್ಮ ಹಿರೇಕೆರೂರು, ಹಾನಗಲ್ ಕಡೆಗೂ ಅಡಿಕೆ ಬಂದಿದೆ, ಆ ಪಳಗಿದ ಕಾಲುಗಳು ಬಂದಿಲ್ಲ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಪೆಟ್ರೋಲ್ ಎಂಜಿನ್ನಿನ ಮರ ಹತ್ತುವ ಬೈಕನ್ನೇ ಮಾಡಿದರು. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ಅವರ ಸಾಧನ ಇನ್ನೂ ಸರಳ: ಎರಡು ಕಬ್ಬಿಣದ ಚೌಕಟ್ಟು, ಎರಡು ತಂತಿಹಗ್ಗದ ಕುಣಿಕೆ. ಒಂದರ ಮೇಲೆ ಭಾರ ಬಿಟ್ಟಾಗ ಅದು ಮರವನ್ನು ಅಪ್ಪಿ ಹಿಡಿಯುತ್ತದೆ, ಭಾರ ತೆಗೆದ ಇನ್ನೊಂದು ಸಡಿಲಾಗಿ ಮೇಲೇರುತ್ತದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ ತರಬೇತಿಯಲ್ಲಿ ಎಷ್ಟೋ ಹುಡುಗರು, ಹೆಣ್ಣುಮಕ್ಕಳು ಇಂಥ ಸಾಧನದಿಂದಲೇ ತೆಂಗು ಹತ್ತಲು ಕಲಿತರು. ಟೊಂಗೆಯೊಡೆದ ಮರಕ್ಕೆ ಮಾತ್ರ ಇದು ಬಾರದು. ಹುಣಸೆಗೆ, ಹಾನಗಲ್ ಸೀಮೆಯ ಹಳೆಯ ಮಾವಿಗೆ ಪಟ್ಟಿ ಬಿಗಿಯುವ ತುಂಡು ಏಣಿಯೇ ಸರಿ ಎಂಬುದು ನನ್ನ ತೀರ್ಮಾನ.

ಬೇಟೆಗಾರರ ಸಾಧನವೆಂದು ಇದನ್ನು ದೂರ ಇಡಬೇಕಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಮೋಜಿಗೆ ಬಾಗಿಲು ಹಾಕಿತು, ಅದು ಒಳ್ಳೆಯದೇ ಆಯಿತು. ಆದರೆ ಗೋವಿನಜೋಳಕ್ಕೆ ಹಂದಿ ನುಗ್ಗುವ ಊರುಗಳಲ್ಲಿ ರಾತ್ರಿ ಮಂಚಿಕೆ ಏರಿ ಕೂಗು ಹಾಕುವವರಿದ್ದಾರೆ, ಹಕ್ಕಿ ನೋಡುವ ಹುಡುಗರಿದ್ದಾರೆ, ಹುಣಸೆ ಬಡಿಯುವವರಂತೂ ಇದ್ದೇ ಇದ್ದಾರೆ. ಅವರು ಆ ಬೇಟೆಗಾರರಿಂದ ಏಣಿಗಿಂತ ಮೊದಲು ಕಲಿಯಬೇಕಾದದ್ದು ಸೊಂಟದ ಪಟ್ಟಿಯನ್ನು.

ವಿದ್ಯುತ್ ಕಂಬ ಹತ್ತುವವರ ಬಳಿಯಿರುವಂಥದ್ದೇ ಅದು. ಸೊಂಟದಿಂದ ಹೊರಟು ಬೊಡ್ಡೆಯನ್ನು ಸುತ್ತಿ ಮತ್ತೆ ಸೊಂಟಕ್ಕೆ ಬರುತ್ತದೆ. ಹಿಂದಕ್ಕೆ ಒರಗಿ ನಿಂತರೆ ಎರಡೂ ಕೈ ಬಿಡುವಾಗಿ ಮೇಲಿನ ತುಂಡನ್ನು ಕಟ್ಟಬಹುದು. ಅಪಾಯ ಬರುವುದು ಟೊಂಗೆ ಅಡ್ಡ ಬಂದಾಗ. ಪಟ್ಟಿ ಬಿಚ್ಚಿ ದಾಟುವ ಆ ಒಂದು ಗಳಿಗೆ ಆಳು ಬರಿಮೈಯಲ್ಲಿರುತ್ತಾನೆ. ಅದಕ್ಕೇ ಎರಡು ಪಟ್ಟಿ ಬೇಕು: ಎರಡನೆಯದನ್ನು ಟೊಂಗೆಯ ಮೇಲೆ ಹಾಕಿ, ಜಗ್ಗಿ ನೋಡಿ, ಆಮೇಲಷ್ಟೇ ಕೆಳಗಿನದನ್ನು ಬಿಚ್ಚಬೇಕು. ಮೇಲೆ ಕೂತು ಕೆಲಸ ಮಾಡುವವರಿಗೆ ಸೊಂಟದ ಪಟ್ಟಿಯೊಂದೇ ಸಾಲದು, ತೊಡೆ ಹೆಗಲುಗಳನ್ನೂ ಹಿಡಿಯುವ ಕವಚ ಬೇಕು. ಕವಚದಲ್ಲೂ ಬಹಳ ಹೊತ್ತು ನೇತಾಡಿದರೆ ಕಾಲಿಗೆ ರಕ್ತ ಇಳಿದು ಜೀವಕ್ಕೇ ಕುತ್ತಾಗಬಹುದು. ಹಾಗಾಗಿ ಪಾದ ಊರಲು ಒಂದು ಹಗ್ಗದ ಕುಣಿಕೆ ಜೊತೆಗಿರಲಿ, ಕೆಳಗೆ ಒಬ್ಬರು ನಿಂತಿರಲಿ.

ಪಟ್ಟಿಗಳನ್ನು ಮರದಲ್ಲೇ ಬಿಟ್ಟು ಬರಬೇಡಿ. ಬಿಸಿಲಿಗೆ ನೈಲಾನ್ ನೂಲು ಸಾಯುತ್ತದೆ, ಅಳಿಲು ಕಡಿಯುತ್ತದೆ. ಮರ ದಪ್ಪವಾದಂತೆ ಬಿಗಿದ ಪಟ್ಟಿ ತೊಗಟೆಯೊಳಗೆ ಇಳಿದು, ಗೂಟ ಮಾಡುವುದಕ್ಕಿಂತ ದೊಡ್ಡ ಗಾಯವನ್ನೇ ಮಾಡೀತು. ಮುಂದಿನ ಸುಗ್ಗಿಗೆ ತೆಗೆದಾಗ ಹೊಲಿಗೆಯ ಗುಂಟ ಬೆರಳಾಡಿಸಿ ನೋಡಿ. ಒಂದೆಳೆ ಕಿತ್ತಿದ್ದರೂ ಅದನ್ನು ಮೇವಿನ ಹೊರೆ ಕಟ್ಟಲು ಇಟ್ಟುಕೊಂಡು, ಮರಕ್ಕೆ ಹೊಸ ಪಟ್ಟಿ ತನ್ನಿ.